ಖಾಲಿ ಹೊಟ್ಟೆಯ ಮೆಸೇಜು

ಶಕುಂತಲಮ್ಮ ಚಾಚಿದ ಫೋನಿನಲ್ಲಿದ್ದ ಮೆಸೇಜು ಓದುತ್ತಲೇ ಚನ್ನೇಶ ಕೈಯಲ್ಲಿದ್ದ ಟೀ ಲೋಟವನ್ನು ಮೆಲ್ಲನೆ ಕಂಪ್ಯೂಟರಿನ ಹಿಂದಕ್ಕೆ ಸರಿಸಿದ. ‘ಭಾನುವಾರ ಬೆಳಿಗ್ಗೆ ಏಳಕ್ಕೆ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ.’ ಅದು ಅವನೇ ಬರೆದ ಸಾಲು.

“ಬಾಗ್ಲಲ್ಲಿ ನೋಡಿದ್ರೆ ರಜಾ ಅಂತ ಬೋರ್ಡ್ ಐತೆ. ಮೊಮ್ಮಗ್ಳೇ ತಪ್ಪು ಓದವ್ಳೆ ಅಂತ ಫೋನ್ ಮಾಡಿ ಬೈದ್ಬುಟ್ಟೆ ಕಣಪ್ಪ” ಎಂದರು ಆಕೆ. ಅಮೃತೂರಿನಿಂದ ಮೊದಲ ಬಸ್ಸಿಗೆ ಹೊರಟು ಬಂದು, ಬಟವಾಡಿಯ ಈ ಲ್ಯಾಬಿನ ಮೆಟ್ಟಿಲ ಮೇಲೆ ಒಂಬತ್ತರವರೆಗೂ ಕೂತಿದ್ದರಂತೆ. ಸಕ್ಕರೆ ಕಾಯಿಲೆಯವರು, ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ.

ಲ್ಯಾಬಿನ ಸಾಫ್ಟ್‌ವೇರು ಚನ್ನೇಶನೇ ಬರೆದದ್ದು. ಅದಕ್ಕೆ ಅಪ್‌ಡೇಟ್ ಹಾಕಲೆಂದೇ ರಜೆಯ ದಿನ ಬಾಗಿಲು ತೆಗೆದಿದ್ದ. ಮೆಸೇಜು ಕಳಿಸುವ ಭಾಗವನ್ನು ಅದಕ್ಕೆ ಹೊರಗಿನಿಂದ ಜೋಡಿಸಬೇಕು. ಸಾಫ್ಟ್‌ವೇರನ್ನು ಟೆಸ್ಟ್ ಮಾಡುವಾಗ ಪರದೆಯ ಮೇಲಷ್ಟೇ ತೋರಿಸುವ ನಕಲಿ ಭಾಗ, ಲ್ಯಾಬಿನಲ್ಲಿ ನಿಜವಾಗಿ ಕಳಿಸುವ ಭಾಗ. ಯಾವುದನ್ನು ಜೋಡಿಸಬೇಕೆಂದು ಹೇಳುವುದು ಕಾನ್ಫಿಗ್ ಫೈಲು. ಟೆಸ್ಟಿಗೆಂದು ಬೇರೆ ಫೈಲು ಮಾಡಲು ಹತ್ತು ನಿಮಿಷ ಸಾಕಿತ್ತು. ಅಷ್ಟಕ್ಕೂ ಸೋಮಾರಿತನ ಮಾಡಿ ನಿನ್ನೆ ಲ್ಯಾಬಿನ ಫೈಲನ್ನೇ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ರೋಗಿಗಳ ಪಟ್ಟಿಯ ಮೊದಲ ಹೆಸರಿಗೆ ಬಟನ್ ಒತ್ತಿ ನೋಡಿದ್ದ. ಆ ಹೆಸರು ಶಕುಂತಲಮ್ಮನದು; ಮೆಸೇಜು ನಿಜವಾಗಿಯೇ ಹೋಗಿತ್ತು.

“ಅವಳು ಸರಿಯಾಗೇ ಓದಿದಾಳೆ ಅಮ್ಮ” ಎಂದ. ತಪ್ಪು ನನ್ನದು ಎನ್ನಲು ಹೋಗಿ ಮಾತು ಬದಲಿಸಿದ. “ಕಂಪ್ಯೂಟರ್ರೇ ತಾನಾಗಿ ಕಳಿಸ್ಬಿಟ್ಟಿದೆ.”

ಶಕುಂತಲಮ್ಮ ಕಂಪ್ಯೂಟರಿನತ್ತ ನೋಡಿದರು. ಅದರ ಹಿಂದಿನಿಂದ ಟೀಯ ಹಬೆ ಏಳುತ್ತಿತ್ತು.

“ಹೋಗ್ಲಿ ಬುಡಪ್ಪ” ಎಂದರು. “ಅದಕ್ಕೇನ್ ಗೊತ್ತಾಯ್ತದೆ, ಹಸಿವು.”