ಸಮುದ್ರಕ್ಕೆ ಕಂಪನಿಯ ಹಾಲು

ಮೀನುಗಾರಿಕೆ ಶುರುವಾಗುವ ಮೊದಲು ಸೊಂಟಮಟ್ಟ ನೀರಿಗಿಳಿದು, ತಣ್ಣಗಿರು ತಾಯೀ ಎಂದು ಕಡಲಿಗೆ ಹಾಲೆರೆಯುವುದು ಊರ ಮೀನುಗಾರರ ಹಿರಿಯರಾದ ಗುರಿಕಾರರ ಕೆಲಸ. ಈ ಸಲ ತೇಜಪ್ಪ ಗುರಿಕಾರರು ಮೊಣಕಾಲುಮಟ್ಟದಲ್ಲೇ ನಿಂತುಬಿಟ್ಟರು. ಮುಂದೆ ಹೋದರೆ ಕಾಲು ಸುಡುತ್ತಿತ್ತು.

ಕಂಪನಿಯವರು ಊರವರೆಲ್ಲರ ಫೋಟೊ, ವಿಡಿಯೊ ತುಂಬಿದ ಕಂಪ್ಯೂಟರುಗಳನ್ನು ಉಕ್ಕಿನ ಪೆಟ್ಟಿಗೆಗಳಲ್ಲಿ ಮುಚ್ಚಿ, ಬಿಸಿಯಾಗದಿರಲಿ ಎಂದು ಕಡಲ ತಳಕ್ಕೆ ಇಳಿಸಿದ್ದರು. ಪೆಟ್ಟಿಗೆಗಳೇನೋ ತಣ್ಣಗಿದ್ದವು, ಅವುಗಳ ಬಿಸಿಯೆಲ್ಲ ನೀರಿಗೆ ಸೇರಿತ್ತು. ಬಂಗುಡೆ, ಬೂತಾಯಿ ಮೀನುಗಳು ಊರು ಬಿಟ್ಟು ಯಾವ ಕಾಲವಾಯಿತೋ. ಈಗ ಬಲೆಗೆ ಬೀಳುವುದೆಲ್ಲ ಮುಟ್ಟಿದರೆ ಮೈ ತುರಿಸುವ ಲೋಳೆಮೀನು. ಅದನ್ನು ಬೆಕ್ಕೂ ಮೂಸುವುದಿಲ್ಲ.

ತೇಜಪ್ಪ ತಮ್ಮ ಚೆಂಬಿನ ಹಾಲನ್ನು ಎರೆದು ತಿರುಗುವಷ್ಟರಲ್ಲಿ, ಒಣಮರಳಿನ ಮೇಲೆ ಬೂಟು ಹಾಕಿಕೊಂಡು ನಿಂತಿದ್ದ ಕಂಪನಿಯ ಮ್ಯಾನೇಜರು ನಿಶಾಂತ್ ಒಂದು ದೊಡ್ಡ ಹಾಲಿನ ಕ್ಯಾನು ತರಿಸಿ ಅವರ ಕೈಗೆ ಕೊಡಿಸಿದ.

"ಗುರಿಕಾರರೇ, ಇದು ನಮ್ಮ ಕಡೆಯಿಂದ. ಕ್ಯಾನಿನ ಮೇಲಿನ ಹೆಸರು ಕಾಣುವ ಹಾಗೆ ಹುಯ್ಯಿರಿ. ಕಡಲನ್ನು ತಣ್ಣಗಿಡುವುದು ನಮ್ಮೆಲ್ಲರ ಹೊಣೆ ಅಂತ ವಿಡಿಯೊ ಮಾಡ್ತೇವೆ."

"ಕಡಲು ಬಿಸಿಯಾಗಿಲ್ಲ ಅಂತ ಹೋದ ತಿಂಗಳು ಹೇಳಿದ್ದಿರಲ್ಲ?"

"ಬಿಸಿ ಅಲ್ಲ, ಸ್ವಲ್ಪ ಬೆಚ್ಚಗೆ. ಎಲ್ಲ ಮಿತಿಯೊಳಗೇ ಉಂಟು."

"ಸರಿ. ಆ ವಿಡಿಯೊ ಎಲ್ಲಿಡ್ತೀರಿ?"

ನಿಶಾಂತ್ ಹೆಮ್ಮೆಯಿಂದ ಕಡಲಿನತ್ತ ಕೈ ತೋರಿಸಿದ. "ಇಲ್ಲೇ. ಜಾಗ ಸಾಲದು ಅಂತ ನಾಳೆ ಇನ್ನೊಂದು ಪೆಟ್ಟಿಗೆ ಇಳಿಸ್ತಾ ಇದ್ದೇವೆ."

ತೇಜಪ್ಪ ಕ್ಯಾನನ್ನು ಅವನ ಬೂಟಿನ ಪಕ್ಕಕ್ಕೇ ವಾಪಸು ತಂದಿಟ್ಟರು.

"ಬರೀ ಹಾಲು ಯಾಕೆ ತಂದಿರಿ ಮಾರಾಯ್ರೆ? ಚಾಪುಡಿ, ಸಕ್ಕರೆಯನ್ನೂ ತರಬೇಕಿತ್ತು. ನೀರನ್ನಂತೂ ನೀವೇ ಕಾಯಿಸಿ ಇಟ್ಟಿದ್ದೀರಿ."