ಕಣ್ಣಂಚಿನಲ್ಲಿ ನಿಂತವನು

"ಇದು ನನ್ನ ಹೆಂಡತಿ ಕಣ್ಣೇನಾ ಮೇಡಂ?" ಎಂದು ಲಿಫ್ಟಪ್ಪ ಕೇಳಿದಾಗ ಸಂಶೋಧಕಿ ತನಗೂ ಗೊತ್ತಿಲ್ಲ ಎಂದಳು. ದಾನವಾಗಿ ಬಂದ ಕಣ್ಣುಗಳಿಗೆ ಈ ಪ್ರಯೋಗಾಲಯದಲ್ಲಿ ಹೆಸರಿರುವುದಿಲ್ಲ, ಕಾಯಿಲೆ ಮಾತ್ರ ಇರುತ್ತದೆ. ಇದು ಗ್ಲಾಕೋಮಾ ಆಗಿದ್ದ ಯಾರದೋ ಕಣ್ಣು, ಅಷ್ಟೇ. ಕೋಣೆಯ ದೀಪ ಆರಿಸಿತ್ತು, ಕಿಟಕಿಗೆ ದಪ್ಪ ಪರದೆ ಎಳೆದಿತ್ತು. ಹೊರಗೆ ಮಟಮಟ ಮಧ್ಯಾಹ್ನ ಎಂಬುದೇ ಮರೆತುಹೋಗುವಂಥ ಕತ್ತಲು. ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕಂಪ್ಯೂಟರ್ ಪರದೆಯ ಮೇಲೆ ಹಸಿರು ಚುಕ್ಕೆಗಳು ಮಿನುಗುತ್ತಿದ್ದವು. ನೋಡುತ್ತ ನೋಡುತ್ತ ಅವು ಮೆಲ್ಲಗೆ ತೇಲುತ್ತಿವೆಯೇನೋ ಎನ್ನಿಸಿ ಅವನು ಕುರ್ಚಿಯ ಕೈ ಹಿಡಿದುಕೊಂಡ.

ಊರಿನ ಎತ್ತರದ ಕಟ್ಟಡಗಳ ಲಿಫ್ಟುಗಳನ್ನು ರಿಪೇರಿ ಮಾಡುತ್ತಲೇ ತಲೆ ನರೆತವನು ಅವನು. ಅದಕ್ಕೇ ಎಲ್ಲರ ಬಾಯಲ್ಲೂ ಲಿಫ್ಟಪ್ಪ. ಹೆಂಡತಿ ಅಚ್ಚಿನಮನೆಯಲ್ಲಿ ಪ್ರೂಫ್ ತಿದ್ದುತ್ತಿದ್ದಳು. ಅವಳು ತೀರಿಕೊಂಡ ಮೇಲೆ, ಅವಳ ಆಸೆಯಂತೆ ಕಣ್ಣು ದಾನ ಮಾಡಿದ್ದ. ಧನ್ಯವಾದ ಹೇಳಲು ಫೋನ್ ಮಾಡಿದ ಕಣ್ಣಾಸ್ಪತ್ರೆಯವರು ಮಾತಿನ ನಡುವೆ, ಅವಳಿಗೆ ಗ್ಲಾಕೋಮಾ ಇತ್ತು, ಕಣ್ಣಿನ ನರ ಬಹಳ ಸವೆದುಹೋಗಿತ್ತು ಎಂದರು. ಅವನು ನಂಬಲಿಲ್ಲ. ಒತ್ತಕ್ಷರದ ಬಾಲ ಮುರಿದಿದ್ದರೂ ಹಿಡಿಯುತ್ತಿದ್ದ ಕಣ್ಣದು. ಈ ಕಾಯಿಲೆ ನೋಟವನ್ನು ಅಂಚಿನಿಂದ ತಿನ್ನುತ್ತದೆ, ನಡುವಿನದ್ದನ್ನು ಕೊನೆಗೆ ಮುಟ್ಟುತ್ತದೆ, ಹೋದ ಜಾಗ ಕಪ್ಪಗೂ ಕಾಣುವುದಿಲ್ಲವಾದ್ದರಿಂದ ಎಷ್ಟೋ ಸಲ ರೋಗಿಗೇ ಗೊತ್ತಿರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಆವತ್ತಿನಿಂದ ಅವನಿಗೆ ನಿದ್ದೆಯೂ ನಿದ್ದೆಯಲ್ಲ, ಎಚ್ಚರವೂ ಎಚ್ಚರವಲ್ಲ. ಕಂಡಕಂಡವರನ್ನು ಕೇಳಿಕೊಂಡು ಕೊನೆಗೆ ಈ ಕೋಣೆಗೆ ಬಂದಿದ್ದ.

ಸಂಶೋಧಕಿ ತಾಳ್ಮೆಯಿಂದ ವಿವರಿಸಿದಳು. ಕಣ್ಣಿನೊಳಗೆ ಸದಾ ಒಂದು ನೀರು ಊರುತ್ತಿರುತ್ತದೆ. ಕಣ್ಣೀರಲ್ಲ, ಅದು ಬೇರೆ. ಒಂದು ಮೂಲೆಯಲ್ಲಿರುವ ಜರಡಿಯಂಥ ಭಾಗದಿಂದ ಅದು ಇಳಿದುಹೋಗಬೇಕು. ಸರಿಯಾಗಿ ಇಳಿಯದಿದ್ದರೆ ಒತ್ತಡ ಏರಿ ಹಿಂದಿನ ನರ ನಲುಗುತ್ತದೆ. ಪರದೆಯ ಮೇಲಿರುವುದು ಆ ಜರಡಿಯ ತೆಳು ಪದರ. ಬಣ್ಣ ಹಾಕಿದ್ದರಿಂದ ಹಸಿರಾಗಿ ಹೊಳೆಯುತ್ತಿರುವುದು ಅದರಲ್ಲಿರುವ ಕೊಬ್ಬು.

"ಸಿಂಕಲ್ಲಿ ಜಿಡ್ಡು ಕಟ್ಕೊಂಡ ಹಾಗಾ?"

"ಅಷ್ಟು ಸುಲಭ ಆಗಿದ್ರೆ ನನಗೆ ಇಲ್ಲಿ ಕೆಲಸಾನೇ ಇರ್ತಿರಲಿಲ್ಲ ಸರ್," ಎಂದು ಆಕೆ ನಕ್ಕಳು. ಕೊಬ್ಬು ಎಲ್ಲಿಂದಲೋ ಬಂದು ಅಡ್ಡ ಕೂತದ್ದಲ್ಲ. ಜೀವಕೋಶದ ಪೊರೆಯೇ ಕೊಬ್ಬಿನದ್ದು. ಕಾಯಿಲೆಯ ಕಣ್ಣಿನಲ್ಲಿ ಕೆಲವು ಬಗೆಯ ಕೊಬ್ಬು ಕಡಿಮೆಯಾಗಿ, ಕೆಲವು ಹೆಚ್ಚಾಗಿರುತ್ತವೆ. ಅದರಿಂದ ಜರಡಿ ಬಿಗಿಯಾಯಿತೋ, ಒತ್ತಡ ಏರಿದ್ದರಿಂದ ಕೊಬ್ಬು ಬದಲಾಯಿತೋ, ಅದೇ ಇನ್ನೂ ಬಗೆಹರಿದಿಲ್ಲ.

ಲಿಫ್ಟಪ್ಪ ಪರದೆಯಿಂದ ಕಣ್ಣು ಕೀಳಲಿಲ್ಲ. "ಇದು ಯಾವಾಗ ಶುರುವಾಯ್ತು ಅಂತ ಇದರಲ್ಲಿ ಗೊತ್ತಾಗುತ್ತಾ?"

ಯಾಕೆಂದು ಆಕೆ ಕೇಳಿದಳು. ಅವನು ಕತ್ತಲಿಗೆ ಹೇಳಿಕೊಂಡ ಹಾಗೆ ಹೇಳಿದ. ಎಷ್ಟೋ ವರ್ಷದ ಹಿಂದೆ, ಮನೆಗೆ ಬಂದ ನೆಂಟರೆದುರು ತಮಾಷೆಗೆ, ಇವಳಿಗೆ ತಪ್ಪು ಹುಡುಕೋದಕ್ಕೆ ಸಂಬಳ ಕೊಡ್ತಾರೆ, ನನ್ನದನ್ನ ಮಾತ್ರ ಪುಕ್ಕಟೆ ಹುಡುಕ್ತಾಳೆ ಅಂದುಬಿಟ್ಟಿದ್ದ. ಎಲ್ಲರೂ ನಕ್ಕರು, ಅವಳು ಎದ್ದು ಒಳಗೆ ಹೋದಳು. ಮರುದಿನ ಅವನಿಗೇ ಮನಸ್ಸು ತಡೆಯಲಿಲ್ಲ. ಅವಳಿಗೆಂದು ಒಂದು ಟೇಬಲ್ ದೀಪ ಕೊಂಡು ತಂದು, ಬರಿಗಾಲಲ್ಲಿ ಸದ್ದಾಗದಂತೆ ಬಂದು, ಮೇಜಿನ ಎಡಗಡೆ ನಿಂತ. ಅವಳು ಪ್ರೂಫಿನ ಮೇಲೆ ಬಗ್ಗಿದ್ದಳು. ತಲೆ ಎತ್ತಲಿಲ್ಲ. ಅವನು ನಿಂತೇ ಇದ್ದ. ಬಿಟ್ಟುಹೋದ ಸೊನ್ನೆ ಕಾಣುವವಳಿಗೆ ಆರಡಿ ಗಂಡ ಕಾಣುವುದಿಲ್ಲವೇ? ಬೇಕೆಂದೇ ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡು, ದೀಪವನ್ನು ಕಪಾಟಿನ ಮೇಲಿಟ್ಟು ಹೊರಟುಹೋದ. ಆಮೇಲೆ ಜಗಳವೇನೂ ಆಗಲಿಲ್ಲ. ಊಟ ಆಯ್ತಾ, ಗ್ಯಾಸ್ ಆರಿಸಿದೆಯಾ ಎನ್ನುವಷ್ಟೇ ಮಾತು ಉಳಿಯಿತು. ಒಂದೇ ಕಟ್ಟಡದ ಬೇರೆ ಬೇರೆ ಮಹಡಿಗಳಲ್ಲಿ ಬದುಕಿದಂತೆ ಬದುಕಿದರು.

ಈಗ ಕಣ್ಣು ಮುಚ್ಚಿದರೆ ಸಾಕು, ಅವನು ಮತ್ತೆ ಆ ಕೋಣೆಯಲ್ಲಿರುತ್ತಾನೆ. ಕೈಯಲ್ಲಿ ದೀಪ. ಎಡಗಡೆ ನಿಲ್ಲದೆ ಎದುರಿಗೇ ಹೋಗಿ ನಿಲ್ಲುತ್ತಾನೆ. ಅವಳು ನಿಧಾನವಾಗಿ ತಲೆ ಎತ್ತುತ್ತಾಳೆ, ಇನ್ನೇನು ನಗಬೇಕು, ಅಷ್ಟರಲ್ಲಿ ಎಚ್ಚರವಾಗುತ್ತದೆ.

"ಅವಳಿಗೆ ಆವತ್ತೇ ಕಾಯಿಲೆ ಇತ್ತಾ ಅಂತ ತಿಳಿದರೆ ಸಾಕು ಮೇಡಂ."

ಸಂಶೋಧಕಿ ಅವನತ್ತ ತಿರುಗಿದಳು. ಇತ್ತು ಎಂದುಬಿಟ್ಟರೆ ಈ ಮನುಷ್ಯ ಹಗುರಾಗಿ ಮನೆಗೆ ಹೋಗುತ್ತಾನೆ. ಆದರೆ ನಾಲಿಗೆ ಹೊರಳಲಿಲ್ಲ.

"ಗೊತ್ತಾಗಲ್ಲ ಸರ್. ಇದು ಎಷ್ಟೋ ವರ್ಷ ಸದ್ದಿಲ್ಲದೆ ಕೂತಿರುತ್ತೆ. ಆವತ್ತೇ ಇತ್ತೋ ಏನೋ, ಇರಲಿಲ್ಲವೋ ಏನೋ." ಆಮೇಲೆ ಯಾವ ಕೊಂಕೂ ಇಲ್ಲದೆ ಕೇಳಿದಳು: "ಆವತ್ತು ನೀವು ಅವರನ್ನ ಕರೀಲಿಲ್ವಾ?"

ಲಿಫ್ಟಪ್ಪ ಮತ್ತೆ ಪರದೆಯತ್ತ ತಿರುಗಿದ. ಹೆಂಡತಿಯ ಕಿವಿ ಕೊನೆಯವರೆಗೂ ಚುರುಕಾಗಿತ್ತು. ಅವನು ಕೆಳಗೆ ಗೇಟು ತಳ್ಳಿದ ಸದ್ದಿಗೇ ಮೇಲೆ ಬಾಗಿಲು ತೆರೆದಿರುತ್ತಿತ್ತು.

ಹೊತ್ತಾಯಿತೆಂದು ಸಂಶೋಧಕಿ ಎದ್ದು ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಅವನು ಮಾತ್ರ ಪರದೆಯ ಹತ್ತಿರಕ್ಕೆ ಬಗ್ಗಿ, ಯಾರದೋ ಆ ಕಣ್ಣಿನೆದುರು, ಹೆಂಡತಿಯನ್ನು ಹೆಸರು ಹಿಡಿದು ಮೆಲ್ಲಗೆ ಕರೆದ. ಆಕೆ ಸ್ವಿಚ್ಚು ಒತ್ತದೆ ಹಾಗೇ ನಿಂತಳು.