ಮೋನಾಂಗನ ಬಲಗಾಲು

"ಕಾಲು ತೆಗೆಯೋದಾದ್ರೆ ನನ್ನನ್ನ ಮನೆಗೆ ಕಳ್ಸಿಬಿಡಿ" ಎಂದು ಡಾಕ್ಟರಮ್ಮನಿಗೆ ಹೇಳಿ ಮೋನಾಂಗ್ ಗೋಡೆಯತ್ತ ತಿರುಗಿ ಮಲಗಿಬಿಟ್ಟ. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಬೆರಳುಗಳು ಕಪ್ಪಾಗಿದ್ದವು. ಕೊಳೆತವು ಪಾದದಿಂದ ಮೇಲಕ್ಕೇರುತ್ತಿತ್ತು. ಇನ್ನೂ ತಡ ಮಾಡಿದರೆ ಮನುಷ್ಯನೇ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಅವನ ಹೆಂಡತಿ ರೋತುವಾಳನ್ನು ಹೊರಗೆ ಕರೆದು ಹೇಳಿದರು.

ಆದರೆ ಅದು ಅಂತಿಂಥ ಕಾಲಲ್ಲ. ಮೋನಾಂಗ್ ಮೆಡಾನ್ ಊರಿನ ಫುಟ್‌ಬಾಲ್ ತಂಡದ ಸ್ಟ್ರೈಕರ್ ಆಗಿದ್ದಾಗ ಆ ಕಾಲು ಹೊಡೆದ ಗೋಲುಗಳಿಗೆ ಊರಿಗೆ ಊರೇ ಬೀದಿಗಿಳಿದು ಕುಣಿದಿತ್ತು. ಆಟ ಬಿಟ್ಟು ಎಷ್ಟೋ ವರ್ಷವಾದರೂ ಮೀನು ಮಾರ್ಕೆಟ್ಟಿನಲ್ಲಿ ಅವನಿಗೆ ಒಳ್ಳೆಯ ಮೀನು ಎತ್ತಿಡುತ್ತಿದ್ದರು. ಆಸ್ಪತ್ರೆಗೆ ಬಂದವರೂ ಅವನ ಮುಖಕ್ಕಿಂತ ಮೊದಲು ಕಾಲು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

ರೋತುವಾ ತನ್ನ ತವರೂರು ಸಿಯಾಂತಾರಿನಲ್ಲಿದ್ದ ಅಣ್ಣ ಸಾಹತನಿಗೆ ಫೋನ್ ಮಾಡಿದಳು. ಸಾಹತ್ ಸಿಯಾಂತಾರ್ ತಂಡದ ಡಿಫೆಂಡರ್ ಆಗಿದ್ದವನು, ಮೋನಾಂಗನ ಬದ್ಧ ಎದುರಾಳಿ. ಒಮ್ಮೆ ಹೊಲಿಗೆ ಹಾಕಬೇಕಾಗುವಷ್ಟು ಅವನನ್ನು ಒದ್ದು, ಆಮೇಲೆ ಅಪ್ಪನ ಬೈಗುಳಕ್ಕೆ ಹೆದರಿ ಕ್ಷಮೆ ಕೇಳಲು ಹೋದಾಗ ಜೊತೆಗೆ ತಂಗಿಯನ್ನು ಕರೆದೊಯ್ದಿದ್ದ. ಆ ಭೇಟಿ ಮದುವೆಯಲ್ಲಿ ಮುಗಿದಿತ್ತು.

ಮಧ್ಯಾಹ್ನದ ಬಸ್ಸಿಗೆ ಸಾಹತ್ ಕುಂಟುತ್ತ ಬಂದ. ಮಂಚದ ಪಕ್ಕ ಕೂತವನೇ ಚೀಲದಿಂದ ಜಾಮ್ ಸವರಿದ ಬ್ರೆಡ್ಡು ತೆಗೆದು ತಿನ್ನತೊಡಗಿದ.

"ನಂಗೆಲ್ಲಿ?" ಮೋನಾಂಗ್ ಈ ಕಡೆ ತಿರುಗಿದ.

"ನಿಂಗೆ ಸಕ್ಕರೆ ಕಾಯ್ಲೆ. ವಾಸನೆ ತಗೋ, ಸಾಕು."

"ಭಾವ, ಇವ್ರು ನನ್ನ ಕಾಲು ತೆಗೀತಾರಂತೆ."

"ಕೇಳ್ದೆ. ಹತ್ತು ವರ್ಷ ಒದ್ದೂ ಒದ್ದೂ ನನ್ನ ಕೈಲಿ ಆಗದ ಕೆಲ್ಸ, ಆ ಡಾಕ್ಟರಮ್ಮ ಒಂದೇ ದಿನದಲ್ಲಿ ಮುಗಿಸ್ತಾರಂತೆ."

ಮೋನಾಂಗ್ ನಗಲಿಲ್ಲ. "ಇದು ಹೋದ್ಮೇಲೆ ನಾನ್ಯಾರು ಭಾವ? ಜನ ನನ್ನ ಏನಂತ ಗುರುತು ಹಿಡೀತಾರೆ?"

ಸಾಹತ್ ಬ್ರೆಡ್ಡು ಕೆಳಗಿಟ್ಟು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಮಡಚಿದ. ಎರಡೂ ಮಂಡಿ ಊದಿ ಸೊಟ್ಟಗಾಗಿದ್ದವು. "ನೋಡು. ಇವೆರಡೂ ನಿನ್ನ ಹಿಂದೆ ಓಡಿ ಓಡಿಯೇ ಹಾಳಾದ್ವು. ಇವಕ್ಕೋಸ್ಕರ ಯಾರಾದ್ರೂ ಬಂದು ಅತ್ರಾ? ನನ್ನ ಮೊಮ್ಮಗಳು 'ಕುಂಟಜ್ಜ' ಅಂತಾಳೆ. ಕರೆದಾಗ ಓಗೊಡ್ತೀನಿ. ಬದುಕಿದ್ದೀನಲ್ಲ."

ಸಾಹತ್ ಪ್ಯಾಂಟನ್ನು ಕೆಳಗಿಳಿಸಿಕೊಂಡ.

"ನಮ್ಮಪ್ಪ ನಿಂಗೆ ಹೆಣ್ಣು ಕೊಟ್ಟಿದ್ದು ಈ ಕಾಲು ನೋಡಿ ಅಂದ್ಕೊಂಡ್ಯಾ? ಕಾಲು ನೋಡಿದ್ರೆ ಕೊಡ್ತಾನೇ ಇರ್ಲಿಲ್ಲ. ನಮ್ಮೂರನ್ನ ಎಷ್ಟು ಸಲ ಅಳಿಸಿತ್ತು ಅದು!"

ಬಾಗಿಲ ಬಳಿ ನಿಂತಿದ್ದ ರೋತುವಾ ಆಗ ಬಾಯಿ ಬಿಟ್ಟಳು. "ಕಾಲು ಹೋದ್ರೆ ಅಳೋಕೆ ಇಡೀ ಊರಿದೆ. ನೀವು ಹೋದ್ರೆ ನಾನು ಯಾರ ಜೊತೆ ಕೂತು ಅಳ್ಲಿ?"

ಮೋನಾಂಗ್ ಹೆಂಡತಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಪಟ್ಟಿ ಸುತ್ತಿದ ಪಾದವನ್ನು ಮೆಲ್ಲಗೆ ಸಾಹತನ ತೊಡೆಯ ಮೇಲಿಟ್ಟ. "ಸ್ವಲ್ಪ ಹೊತ್ತು ಹಿಡ್ಕೊಂಡಿರು ಭಾವ. ಆಮೇಲೆ ಡಾಕ್ಟರಮ್ಮನ್ನ ಕರಿ."

ಸಾಹತ್ ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಮ್ಮಡಿಯನ್ನು ಬೆರಳ ತುದಿಯಿಂದ ಸವರುತ್ತ, ಬೆಳಕು ಇಳಿಯುವವರೆಗೂ ಹಾಗೇ ಕೂತಿದ್ದ.

ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು. ತೆಗೆದ ಕಾಲನ್ನು ಮಣ್ಣು ಮಾಡುವುದು ಅಲ್ಲಿ ಮನೆಯವರ ಕೆಲಸ. ಸಾಹತ್ ಅದನ್ನು ಪಡೆದುಕೊಂಡು ಹೋಗಿ, ಸಂಜೆ ಉಗುರ ಸಂದಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ವಾಪಸ್ ಬಂದ. ಮೋನಾಂಗ್ ಎಚ್ಚರವಾಗಿದ್ದ.

"ಎಲ್ಲಿಟ್ಟೆ?"

"ನಿಮ್ಮಮ್ಮನ ಗೋರಿ ಪಕ್ಕ. ಪಾದ್ರಿಗಳೂ ಬಂದಿದ್ರು."

"ಹಾಗೇ ಮಣ್ಣಿಗೆ ಹಾಕಿದ್ಯಾ?"

"ಛೆ! ಜೆರ್ಸೀಲಿ ಸುತ್ತಿ ಇಟ್ಟಿದ್ದೀನಿ."

"ನನ್ನ ಜೆರ್ಸಿ ಕ್ಲಬ್ಬಲ್ಲಿ ಗಾಜಿನೊಳಗಿದೆಯಲ್ಲೋ?"

"ನಿಂದಲ್ಲ, ನಂದು. ಊರಿಂದ ಬರುವಾಗ್ಲೇ ತಂದಿದ್ದೆ."

ಮೋನಾಂಗ್ ನೋವನ್ನೂ ಮರೆತು ಮೊಣಕೈ ಊರಿ ಏಳಲು ಹೋದ. "ಸಿಯಾಂತಾರ್ ಜೆರ್ಸೀಲಾ! ನನ್ನ ಕಾಲನ್ನಾ!"

ಸಾಹತ್ ಅವನನ್ನು ಮೆತ್ತಗೆ ಮಲಗಿಸಿ ಹೊದಿಕೆಯನ್ನು ಎದೆಯವರೆಗೆ ಎಳೆದ.

"ಇಷ್ಟು ವರ್ಷ ನಿಮ್ಮ ಕಡೆ ಆಡ್ತು ಭಾವ. ಇನ್ಮೇಲೆ ನಮ್ಮ ಕಡೆ ಆಡ್ಲಿ."